ಮಾತು ಬಿಟ್ಟ ಪೆಟ್ಟಿಗೆ

ನಾಣ್ಯ ಹಾಕಿ ಆಡುವ ಯಂತ್ರಗಳ ಹಾಲ್ ನಡೆಸುವ ಯಜಮಾನಿ ಬೆಳಗ್ಗೆ ಬೆಳಗ್ಗೆಯೇ ಬಾಗಿಲಿಗೆ ಬಂದು ನಿಂತಾಗ ಭಾವ ಇನ್ನೂ ಹಲ್ಲುಜ್ಜುತ್ತಿದ್ದರು. ಬಾಯಿ ತುಂಬ ನೊರೆ, "ಬನ್ನಿ" ಅನ್ನಲಾಗದೆ ಕೈಸನ್ನೆ ಮಾಡಿದರು. ಆಕೆ ಅದನ್ನೂ ನೋಡದೆ ಸೀದಾ ಮಹಡಿ ಹತ್ತಿದರು. ಈ ಮನೆಗೆ ಯಾರು ಬಂದರೂ ಹಾಗೆಯೇ. ಮನೆ ಭಾವನದು, ತೆರಿಗೆ ಕಟ್ಟುವುದು ಭಾವ, ಜನ ಹುಡುಕಿಕೊಂಡು ಬರುವುದು ಮಾತ್ರ ಮಹಡಿಯ ಮೇಲಿರುವ ಅವರ ಹೆಂಡತಿಯ ತಂಗಿಯನ್ನು.

ಆ ನಾದಿನಿಯನ್ನು ಬೀದಿಯವರೆಲ್ಲ ರಿಪೇರಿಯಕ್ಕ ಎನ್ನುತ್ತಿದ್ದರು. ಹಳೆಯ ರೇಡಿಯೊ, ಟೇಪ್ ರೆಕಾರ್ಡರ್, ಆಟದ ಯಂತ್ರ, ಏನು ಕೆಟ್ಟರೂ ಅವಳ ಮೇಜಿಗೆ ಬರುತ್ತಿತ್ತು. ಕೆಟ್ಟದ್ದನ್ನು ಸರಿಮಾಡುವುದಕ್ಕಿಂತ ಯಾರು ಕೆಡಿಸಿದರು ಎಂದು ಪತ್ತೆ ಮಾಡುವುದರಲ್ಲೇ ಅವಳಿಗೆ ಹೆಚ್ಚು ಆಸಕ್ತಿ. ಔಷಧಿ ಅಂಗಡಿಯ ತಕ್ಕಡಿ ಸುಳ್ಳು ಹೇಳಿದ್ದು, ಶಾಲೆಯ ಗಂಟೆ ಬೇಗ ಬೇಗ ಹೊಡೆದದ್ದು, ಎಲ್ಲದರ ಹಿಂದಿದ್ದ ಕೈಯನ್ನು ಹಿಡಿದು ತೋರಿಸಿದವಳು ಅವಳೇ. ತೋರಿಸಿದ ಮೇಲೆ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ಓಡಾಡಿದವಳೂ ಅವಳೇ. ಬಸ್ ಓಡಿಸಿ ನಿವೃತ್ತರಾಗಿದ್ದ ಭಾವನಿಗೆ ಅವಳ ಚೀಲ ಹೊರುವ ಕೆಲಸ. ಸಂಬಳ ಇರಲಿಲ್ಲ, ಬೈಗುಳಕ್ಕೆ ಕೊರತೆಯೂ ಇರಲಿಲ್ಲ.

ಭಾವ ಬಾಯಿ ತೊಳೆದು ಮೇಲೆ ಹೋದಾಗ ಯಜಮಾನಿ ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಕೂರಲು ಬೇರೆ ಜಾಗವಿಲ್ಲದೆ ಭಾವ ಮೇಜಿನ ಮೂಲೆಗೆ ಒರಗಿದರು. ಅಲ್ಲೊಂದು ತಟ್ಟೆಯ ತುಂಬ ಹಳೆಯ ಮೆಮೊರಿ ಚಿಪ್‌ಗಳು, ಪ್ರತಿಯೊಂದರ ಬೆನ್ನ ಮೇಲೂ ಒಂದು ತುಂಡು ಕರಿ ಟೇಪು.

"ಇವಕ್ಕೆಲ್ಲ ಏಟಾಗಿದ್ಯಾ, ಪಟ್ಟಿ ಹಾಕಿದೀಯ?" ಎಂದು ಭಾವ ಒಂದರ ಟೇಪಿಗೆ ಉಗುರು ಹಾಕಿದರು.

"ಕೈ ತೆಗೀರಿ ಭಾವ. ಅದನ್ನ ಕಿತ್ರೆ ನಿಮಗೂ ಒಂದು ಪಟ್ಟಿ ಹಾಕಿ ಅದೇ ತಟ್ಟೇಲಿ ಕೂರಿಸ್ತೀನಿ," ಎಂದ ರಿಪೇರಿಯಕ್ಕ ಯಜಮಾನಿಯ ಕಡೆ ತಿರುಗಿದಳು. "ನೀವು ಹೇಳಿ."

"ನಮ್ಮೋರ ದನಿ ಹೋಯ್ತಮ್ಮ," ಎಂದರು ಯಜಮಾನಿ.

ಅವರ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹಾಲಿನ ಮಿಕ್ಕ ಯಂತ್ರಗಳೆಲ್ಲ ಕೊಂಡು ತಂದವು. ಒಂದು ಪೆಟ್ಟಿಗೆಯನ್ನು ಮಾತ್ರ ಆತ ಸ್ವಂತ ಕೈಯಿಂದ ಕಟ್ಟಿದ್ದರು. ಕತ್ತಲ ಕಡಲಲ್ಲಿ ದೋಣಿಗಳನ್ನು ದಡಕ್ಕೆ ತರುವ ಆಟ. ಅದಕ್ಕೆ ತಮ್ಮದೇ ದನಿ ತುಂಬಿಸಿದ್ದರು. ನಾಣ್ಯ ಹಾಕಿದರೆ "ಬಂದ್ಯಾ? ಕೂತ್ಕೋ" ಅನ್ನುತ್ತಿತ್ತು. ಸೋತರೆ "ಹೋಗ್ಲಿ ಬಿಡು. ಇನ್ನೊಂದ್ಸಲ ನೋಡೋಣ" ಅನ್ನುತ್ತಿತ್ತು. ಆತನ ದನಿ ಲೋಕದಲ್ಲಿ ಉಳಿದಿದ್ದದ್ದು ಅಲ್ಲಿ ಮಾತ್ರ, ಆ ಒಂದು ಚಿಪ್ಪಿನೊಳಗೆ.

"ಹೋದ ವಾರ ಒಂದಿನ ಬಾಗಿಲು ತೆಗೆದು ನಾಣ್ಯ ಹಾಕ್ತೀನಿ, ಮಾತಿಲ್ಲ. ಹಿಂದಿನ ಸಂಜೆ ಚೆನ್ನಾಗೇ ಮಾತಾಡಿತ್ತು. ನಮ್ಮ ಮೆಕ್ಯಾನಿಕ್ಕು ಸ್ಪೀಕರ್ ಬಿಚ್ಚಿದ, ವೈರ್ ಬದಲಾಯಿಸಿದ, ನಿನ್ನೆ ಬಂದು ಚಿಪ್ ಖಾಲಿ ಆಗಿದೆ, ವಯಸ್ಸಾಯ್ತು ಅಂದ. ವಯಸ್ಸಾಗಿರೋದು ನನಗೆ, ನಂಗೊತ್ತಿಲ್ವ? ಮಾರ್ಕೊಂಡಿದಾನೆ."

"ಯಾರಿಗೆ?"

"ಇನ್ಯಾರಿಗೆ, ಆ ಸಂಗ್ರಹಕಾರನಿಗೆ. ಹಳೇ ಆಟದ ಯಂತ್ರ ಎಲ್ಲ ಕೂಡಿಡ್ತಾನಲ್ಲ, ಅವನು. ನಮ್ಮ ಪೆಟ್ಟಿಗೆಯ ಪರದೆ ಮಂಕಾಗ್ತಿದೆ, ಬದಲಿ ಟ್ಯೂಬು ಇರೋದು ಅವನೊಬ್ಬನ ಹತ್ರ. ಅಲ್ಲಿದ್ರೆ ಬದುಕುತ್ತೆ ಅಂತ ಕಲ್ಲು ಮನಸ್ಸು ಮಾಡಿ ಕೊಡೋಕೆ ಒಪ್ಪಿದ್ದೆ. ಈಗ ದನಿ ಇಲ್ಲ ಅಂದ ತಕ್ಷಣ, ಹಾಗಾದ್ರೆ ನಂಗೆ ಬೇಡ ಅಂತಾನೆ. ಬೇಕಾಗಿದ್ದು ಕೈಗೆ ಸಿಕ್ಕಿದ್ಮೇಲೆ ಪೆಟ್ಟಿಗೆ ಯಾಕೆ ಬೇಕು? ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದಾರೆ. ಮೆಕ್ಯಾನಿಕ್ಕಿಗೆ ಸಂಜೆಯೊಳಗೆ ರೂಮು ಖಾಲಿ ಮಾಡು ಅಂದಿದೀನಿ."

ಆ ಮೆಕ್ಯಾನಿಕ್ಕನ್ನು ಭಾವ ಬಲ್ಲರು. ಯಜಮಾನರ ಕಾಲದಿಂದ ಹಾಲಿನ ಹಿಂದಿನ ಕೋಣೆಯಲ್ಲೇ ಇರುವವನು, ಮದುವೆ ಇಲ್ಲ, ಬೇರೆ ಮನೆಯಿಲ್ಲ. ಅಲ್ಲಿಂದ ಹೊರಗೆ ಹಾಕಿದರೆ ಅವನು ಹೋಗುವುದಾದರೂ ಎಲ್ಲಿಗೆ.

"ಎಲ್ಲರನ್ನೂ ಹಾಲಿಗೆ ಕರೆಸಿ. ಪೆಟ್ಟಿಗೇನ ಕೊಡೋ ವಿಷಯ ಗೊತ್ತಿದ್ದೋರು ಯಾರ್ಯಾರು?" ಎಂದಳು ರಿಪೇರಿಯಕ್ಕ, ಆಗಲೇ ಚಪ್ಪಲಿ ಮೆಟ್ಟುತ್ತ.

"ಮೆಕ್ಯಾನಿಕ್ಕು, ಸಂಗ್ರಹಕಾರ, ನನ್ನ ಮೈದುನ. ಪೆಟ್ಟಿಗೆಯ ಬೀಗದ ಕೈ ಕೌಂಟರ್ ಹಿಂದೆ ಮೊಳೆಗೆ ನೇತಾಡ್ತಿರುತ್ತೆ, ಅದು ಎಲ್ಲರಿಗೂ ಗೊತ್ತು."

ಹಾಲಿನಲ್ಲಿ ಬೆಳಗಿನ ಹೊತ್ತು ಗಿರಾಕಿಗಳಿರಲಿಲ್ಲ. ಸಾಲಾಗಿ ನಿಂತ ಯಂತ್ರಗಳ ಮುಂದೆ ನೆಲಹಾಸು ಸವೆದು ನೂಲು ಎದ್ದಿತ್ತು. ಮೆಕ್ಯಾನಿಕ್ ತನ್ನ ತಗಡಿನ ಟ್ರಂಕನ್ನು ಕಟ್ಟಿ ಅದರ ಮೇಲೆಯೇ ಕುಳಿತಿದ್ದ. ಸಂಗ್ರಹಕಾರ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಗೋಡೆಗೆ ತಾಗದಂತೆ ನಿಂತಿದ್ದ. ಎದುರು ಸಾಲಿನಲ್ಲಿ ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟಿದ್ದ ಮೈದುನ ಅಂಗಡಿ ಬಿಟ್ಟು ಬಂದು ಅತ್ತಿಗೆಗೆ ಕುರ್ಚಿ ಎಳೆದು ಕೊಟ್ಟ. ದಿನವೂ ಸಂಜೆ ಬಂದು ಆ ಪೆಟ್ಟಿಗೆಯ ಮುಂದೆ ಒಂದೇ ಒಂದು ಆಟ ಆಡಿ ಹೋಗುವುದು ಅವನ ರೂಢಿ. ಆಡುವುದು ಬರುತ್ತಿರಲಿಲ್ಲ, ಬೇಗ ಸೋಲುತ್ತಿದ್ದ.

ರಿಪೇರಿಯಕ್ಕ ಯಾರನ್ನೂ ಮಾತಾಡಿಸದೆ ಪೆಟ್ಟಿಗೆಯ ಸ್ವಿಚ್ ಒತ್ತಿದಳು. ಯಂತ್ರ ತನ್ನ ಚಿಪ್ಪುಗಳನ್ನು ತಾನೇ ಒಂದೊಂದಾಗಿ ಪರೀಕ್ಷಿಸಿಕೊಂಡು ಪೀಪ್ ಪೀಪ್ ಅಂದಿತು. ಕೊನೆಯಲ್ಲಿ ಗೊಗ್ಗರು ದನಿಯಲ್ಲಿ ಒಮ್ಮೆ ಗೊರ್ ಎಂದಿತು. ಆಮೇಲೆ ಸಂಗೀತ ಶುರುವಾಯಿತು. ನಾಣ್ಯ ಹಾಕಿದಾಗ ಮಾತು ಬರಬೇಕಾದ ಜಾಗದಲ್ಲಿ ಬರೀ ಸ್ಸ್ ಎಂಬ ಸದ್ದು.

"ಸ್ಪೀಕರ್ ಸರಿಯಿದೆ, ಇಲ್ಲದಿದ್ರೆ ಪೀಪ್ ಅನ್ನೋದೂ ಕೇಳ್ತಿರಲಿಲ್ಲ. ಗೊರ್ ಅಂದಿದ್ದು ದನಿಯ ಚಿಪ್ಪಿನ ಸರದಿ ಬಂದಾಗ, ಕೆಟ್ಟಿರೋದು ಅದೇ," ಎಂದು ಹಿಂಬಾಗಿಲು ತೆಗೆದಳು. ಭಾವ ಟಾರ್ಚ್ ಹಿಡಿದರು. ಹಸಿರು ಹಲಗೆಯ ಮೇಲೆ ಸಾಲು ಸಾಲು ಚಿಪ್ಪು. ಒಂದರ ಬೆನ್ನಿಗೆ ಹಳದಿಗಟ್ಟಿದ ಚೀಟಿ, ಅದರ ಮೇಲೆ ಸತ್ತವರ ಕೈಬರಹ: ನನ್ನ ಗಂಟಲು.

"ಇದನ್ನ ಯಾಕೆ ಒಂದು ಕಾಪಿ ಮಾಡಿಟ್ಟಿಲ್ಲ?" ಎಂದು ಮೆಕ್ಯಾನಿಕ್ಕನ್ನು ಕೇಳಿದಳು.

"ಮುಟ್ಬೇಡ ಅಂದಿದ್ರು ಅಮ್ಮಾವ್ರು. ಎಷ್ಟು ಸಲ ಕೇಳಿದೀನಿ. ಗಂಟಲಿಗೆ ಕೈ ಹಾಕ್ಬೇಡ ಅಂದ್ರು. ನಿನ್ನೆ ಚಿಪ್ಪನ್ನ ಯಂತ್ರದಲ್ಲಿ ಓದಿ ನೋಡಿದಾಗಲೂ ಆ ಚೀಟಿ ಕೀಳೋಕೆ ಮನಸ್ಸು ಬರಲಿಲ್ಲ."

ಯಜಮಾನಿ ಬೇರೆ ಕಡೆ ನೋಡಿದರು.

ರಿಪೇರಿಯಕ್ಕ ಚಿಪ್ಪನ್ನು ಹಗುರವಾಗಿ ಎಬ್ಬಿಸಿ ಯಂತ್ರದ ಹಿಂದಿನ ಕತ್ತಲಲ್ಲೇ ಕುಳಿತು ಚೀಟಿಯ ಅಂಚು ಬಿಡಿಸಿದಳು. ಅದು ಒಂದಿಷ್ಟೂ ಹರಿಯದೆ ಎದ್ದು ಬಂತು. ಮೂಸಿ ನೋಡಿ ಭಾವನ ಮೂಗಿಗೂ ಹಿಡಿದಳು. ಹುಳಿ ಹುಳಿ ವಾಸನೆ.

"ಏನು ಕಾಣ್ಸುತ್ತೆ ಹೇಳಿ."

"ಕಾಗದದ ಮೇಲೆ ದುಂಡಗೆ ಒಂದು ಒತ್ತಿದ ಗುರುತಿದೆ. ಅಂಗಿಯ ಗುಂಡಿಯಷ್ಟು."

"ಚಿಪ್ಪಿನ ಮೇಲೆ?"

"ಗಾಜಿನ ಕಿಟಕಿ. ಚೌಕ, ಚಿಕ್ಕದು."

"ಸರಿ. ಅರ್ಧ ಕೇಸು ಮುಗೀತು."

"ನಂಗೆ ಇನ್ನೂ ಶುರುವೇ ಆಗಿಲ್ಲ," ಎಂದರು ಭಾವ.

ಅವಳು ನಗಲಿಲ್ಲ. ಕಿಟಕಿಯ ಕಡೆ ನೋಡಿ, "ಹೋದ ವಾರ ಪೂರ್ತಿ ಹೀಗೇ ಬಿಸಿಲಿತ್ತಾ?" ಎಂದು ಕೇಳಿದಳು.

"ಒಂದು ತುಂಡು ಮೋಡ ಇಲ್ಲ. ನಿಮ್ಮಕ್ಕ ಬಟ್ಟೆ ಹಾಕಿ ತಿರುಗೋದ್ರೊಳಗೆ ಒಣಗಿರುತ್ತೆ. ಯಾಕೆ?"

ಅವಳ ಮುಖ ಸಪ್ಪಗಾಯಿತು. ಇಷ್ಟು ವರ್ಷದಲ್ಲಿ ಅವಳು ಹೆದರಿದ್ದನ್ನು ಭಾವ ನೋಡಿರಲಿಲ್ಲ. ಬಿಸಿಲಿಗೆ ಹೆದರುವುದೆಂದರೇನು ಎಂದು ತಲೆ ಕೆರೆದುಕೊಂಡರು. ಅವಳು ಆಗಲೇ ಚೀಲದಿಂದ ಬೇರೊಂದು ಹಳೆಯ ಚಿಪ್ ತೆಗೆದು, ಅದರ ಬೆನ್ನಿನ ಕರಿ ಟೇಪು ಕಿತ್ತು, ಬಿಸಿಲು ಬಿದ್ದಿದ್ದ ಕಿಟಕಿಯ ಪಕ್ಕದ ಮೇಜಿಗೆ ಹೋಗಿದ್ದಳು.

"ಒಬ್ಬೊಬ್ರೇ ಬಂದು ಇದನ್ನ ಕೈಯಲ್ಲಿ ಹಿಡಿದು ನೋಡಿ. ಇಂಥದ್ದನ್ನ ಈಚೆಗೆ ಎಲ್ಲಾದ್ರೂ ನೋಡಿದೀರಾ ಹೇಳಿ. ಅಷ್ಟೇ."

ಮೊದಲು ಮೆಕ್ಯಾನಿಕ್ ಬಂದ. ತೆಗೆದುಕೊಂಡ ಕೂಡಲೇ ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಅದರ ಲೋಹದ ಕಾಲುಗಳನ್ನು ಬೆರಳಿನಿಂದ ಸವರಿ, ಇಲ್ಲ ಎಂದ. ಹಿಂದೆಯೇ ಬಂದ ಸಂಗ್ರಹಕಾರ ಅದನ್ನು ಎತ್ತಿ, ಬೆನ್ನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಪಕ್ಕದಲ್ಲಿದ್ದ ಅಚ್ಚಿನ ಅಕ್ಷರಗಳನ್ನು ಮಾತ್ರ ಓದಿದ. "ಇಂಥದ್ದು ನನ್ನ ಹತ್ರ ಡಬ್ಬಿಗಟ್ಟಲೆ ಇದೆ. ಆದ್ರೆ ನೀವು ಹುಡುಕ್ತಿರೋದು ಇಲ್ಲ," ಎಂದು ಕೊಂಚ ಬಿಗುವಿನಿಂದಲೇ ಹೇಳಿದ. ಕೊನೆಗೆ ಬಂದ ಮೈದುನ ಚಿಪ್ಪನ್ನು ಎರಡು ಬೆರಳಲ್ಲಿ ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಗಾಜಿನೊಳಗೆ ಇಣುಕಿದ. "ಒಳಗೆ ಬಣ್ಣ ಬಣ್ಣ ಹೊಳೆಯುತ್ತಲ್ಲ," ಎಂದು ಮೆಲ್ಲಗೆ ಹೇಳಿ, ತಾನು ಇಂಥದ್ದನ್ನು ನೋಡಿಲ್ಲ ಎಂದ.

ಭಾವನಿಗೆ ಮೂವರೂ ಒಂದೇ ಮಾತು ಹೇಳಿದಂತೆ ಕಂಡಿತು. ನಮ್ಮ ಮಹಾತಾಯಿ ಈ ಸಲ ಸೋತಳು ಎಂದುಕೊಂಡರು. ಟ್ರಂಕಿನ ಮೇಲೆ ಮತ್ತೆ ಹೋಗಿ ಕುಳಿತ ಮೆಕ್ಯಾನಿಕ್ಕನ್ನು ನೋಡಲಾಗದೆ ಟಾರ್ಚನ್ನು ಸುಮ್ಮನೆ ಹತ್ತಿಸಿ ಆರಿಸಿದರು.

"ಎಲ್ಲರೂ ಕೂತ್ಕೊಳ್ಳಿ," ಎಂದಳು ರಿಪೇರಿಯಕ್ಕ. "ಬೇಗ ಹೇಳಿ ಮುಗಿಸ್ತೀನಿ, ಹೊತ್ತಿಲ್ಲ. ಮೊದಲನೇ ಮಾತು, ಈ ಚಿಪ್ಪಿಗೆ ವಯಸ್ಸಾಗಿಲ್ಲ. ವಯಸ್ಸಾದ ಚಿಪ್ಪು ಒಂದೇ ರಾತ್ರೀಲಿ ಪೂರ್ತಿ ಮರೆಯಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರ ಜಾರುತ್ತೆ, ದನಿ ಒಡೆಯುತ್ತೆ, ತೊದಲುತ್ತೆ. ಇದು ಹಿಂದಿನ ಸಂಜೆ ಚೆನ್ನಾಗಿ ಮಾತಾಡಿ ಬೆಳಗ್ಗೆ ಪೂರಾ ಖಾಲಿ. ಅಂದ್ರೆ ಇದು ಬೇರೇನೇ ಚಿಪ್ಪು. ಇದರಲ್ಲಿ ಯಾರೂ ಯಾವತ್ತೂ ಏನೂ ತುಂಬೇ ಇಲ್ಲ."

"ಅದರ ಮೇಲೆ ನಮ್ಮೋರ ಕೈಬರಹ ಇದ್ಯಲ್ಲಮ್ಮ," ಎಂದರು ಯಜಮಾನಿ.

"ಚೀಟಿ ಅವರದು, ಚಿಪ್ಪು ಅವರದಲ್ಲ. ಕಾಗದದ ಮೇಲೆ ದುಂಡು ಕಿಟಕಿಯ ಗುರುತಿದೆ, ಇದರ ಕಿಟಕಿ ಚೌಕ. ಯಾರೋ ಮೆಕ್ಯಾನಿಕ್ಕಿನ ಡ್ರಾಯರಿನಿಂದ ಖಾಲಿ ಚಿಪ್ ತಗೊಂಡು, ಅಸಲಿನ ಚೀಟಿ ಎಬ್ಬಿಸಿ ಇದಕ್ಕೆ ಅಂಟಿಸಿದಾರೆ. ಯಾರಿಗೂ ಬೇಗ ಗೊತ್ತಾಗದಿರಲಿ ಅಂತ."

"ಡ್ರಾಯರಿಗೆ ಬೀಗ ಇಲ್ಲ," ಎಂದ ಮೆಕ್ಯಾನಿಕ್, ತಲೆ ತಗ್ಗಿಸಿಕೊಂಡೇ.

"ಈಗ ಮುಖ್ಯವಾದ ಮಾತು," ಎಂದಳು ರಿಪೇರಿಯಕ್ಕ. "ಆ ಚೀಟಿ ಬರೀ ಹೆಸರು ಬರೆಯೋಕೆ ಅಂಟಿಸಿದ್ದಲ್ಲ. ಈ ಚಿಪ್ಪುಗಳ ಗಾಜಿನ ಕಿಟಕಿ ಇರೋದೇ ಬೆಳಕು ಬಿಟ್ಟು ನೆನಪು ಅಳಿಸೋಕೆ. ಅಳಿಸಬಾರದು ಅಂದ್ರೆ ಕಿಟಕಿ ಮುಚ್ಚಿರಬೇಕು. ಚೀಟಿ ಇಲ್ಲದ ಅಸಲು ಚಿಪ್ಪು ಎಲ್ಲಾದ್ರೂ ಬಿಸಿಲಲ್ಲಿ ಇದ್ರೆ, ದನಿ ಒಂದೊಂದೇ ಅಕ್ಷರವಾಗಿ ಅಳಿಸಿಹೋಗ್ತಾ ಇದೆ. ಒಂದು ವಾರದಿಂದ. ಈಗ ನಾನು ಮಾತಾಡ್ತಿರೋ ಹೊತ್ತಲ್ಲೂ."

ಕುರ್ಚಿಯೊಂದು ದಡಾರನೆ ಬಿತ್ತು. ಮೈದುನ ಎದ್ದು ಓಡುತ್ತಿದ್ದ. ಬಾಗಿಲ ಬಳಿ ಒಂದು ಚಪ್ಪಲಿ ಕಳಚಿ ಬಿದ್ದರೂ ನಿಲ್ಲಲಿಲ್ಲ.

"ಭಾವ, ನಿಮ್ಮ ಕೋಟು ತಗೊಂಡು ಓಡಿ," ಎಂದಳು ರಿಪೇರಿಯಕ್ಕ.

ಭಾವ ಬಹಳ ವರ್ಷಗಳ ನಂತರ ಓಡಿದರು. ಬೀದಿ ದಾಟುವಾಗ ಸೈಕಲ್ಲಿನವನೊಬ್ಬ ಏನೋ ಬೈದ. ಚೌಕಟ್ಟಿನ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಅದೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ಬಟ್ಟಲ ತುಂಬ ಅಂಟು, ಪಕ್ಕದಲ್ಲಿ ತೆಳ್ಳಗಿನ ಅಲಗಿನ ಚಾಕು. ರಸ್ತೆ ಕಡೆಯ ಗಾಜಿಗೆ ಒರಗಿಸಿದ್ದ ಒಂದು ಚೌಕಟ್ಟಿನಲ್ಲಿ ಯಜಮಾನರ ಫೋಟೋ. ಫೋಟೋದ ಕೆಳಗೆ, ಗಾಜಿನ ಹಿಂದೆ, ಕರಿ ಚಿಪ್ಪು. ಅದರ ದುಂಡು ಕಿಟಕಿಗೆ ಬಿಸಿಲು ನೇರವಾಗಿ ಬೀಳುತ್ತಿತ್ತು. ಮೈದುನ ಎರಡೂ ಅಂಗೈಗಳನ್ನು ಅದರ ಮೇಲೆ ಒತ್ತಿ ಮಂಡಿಯೂರಿದ್ದ. ಭಾವ ಅವನ ಕೈಗಳ ಸಮೇತ ಚೌಕಟ್ಟಿನ ಮೇಲೆ ಕೋಟು ಹೊದಿಸಿದರು.

ಹಾಲಿಗೆ ಮರಳಿದಾಗ ಯಜಮಾನಿ ಕುಳಿತಲ್ಲೇ ಕಲ್ಲಾಗಿದ್ದರು. ಮೈದುನ ಅವರ ಮುಂದೆ ನಿಂತು ನೆಲ ನೋಡುತ್ತ ಮಾತಾಡಿದ.

"ಪೆಟ್ಟಿಗೆ ಹೋಗುತ್ತೆ ಅಂತ ಗೊತ್ತಾಯ್ತು. ನನ್ನನ್ನ ಒಂದು ಮಾತು ಕೇಳಲಿಲ್ಲ ನೀವು. ಪೆಟ್ಟಿಗೆ ಹೋಗಲಿ ಅತ್ತಿಗೆ, ಅಣ್ಣನ ದನಿ ಯಾಕೆ ಹೋಗ್ಬೇಕು? ಕೊನೇ ಕಾಲದಲ್ಲಿ ನಾವಿಬ್ರೂ ಮಾತು ಬಿಟ್ಟಿದ್ವಿ. ಅವನು ಹೋದ್ಮೇಲೆ ದಿನಾ ಸಂಜೆ ಬಂದು ಒಂದು ಆಟ ಆಡ್ತಿದ್ದೆ. ಬಂದ್ಯಾ, ಕೂತ್ಕೋ ಅಂತಿದ್ದ. ನನಗಷ್ಟೇ ಸಾಕಿತ್ತು. ಫೋಟೋ ಜೊತೆ ಭದ್ರವಾಗಿ ಇರುತ್ತೆ ಅಂತ ಚೌಕಟ್ಟು ಹಾಕಿದೆ. ಬೆಳಕಿಗೆ ಚೆನ್ನಾಗಿ ಕಾಣಲಿ ಅಂತ ಅಲ್ಲಿಟ್ಟೆ."

"ಈತನ್ನ ಹೊರಗೆ ಹಾಕ್ತಿದ್ರಲ್ಲ, ಅದನ್ನ ನೋಡ್ಕೊಂಡು ಸುಮ್ನಿದ್ರಾ?" ಎಂದರು ಭಾವ ಮೆಕ್ಯಾನಿಕ್ಕನ್ನು ತೋರಿಸಿ. ಕೋಪ ಬಂದಿತ್ತು, ಮುಚ್ಚಿಡಲಿಲ್ಲ.

"ಇವತ್ತು ಬೆಳಗ್ಗೆ ಗೊತ್ತಾಯ್ತು. ಹೇಳ್ಬೇಕು ಅಂತಾನೇ ಬಂದೆ. ಬಾಯಿ ಬರಲಿಲ್ಲ."

ರಿಪೇರಿಯಕ್ಕ ಆಗಲೇ ಚೌಕಟ್ಟು ಬಿಚ್ಚಿ, ಚಿಪ್ಪಿನ ಕಿಟಕಿಗೆ ಕರಿ ಟೇಪು ಒತ್ತಿ, ತನ್ನ ಓದುವ ಯಂತ್ರ ತೆಗೆದಿದ್ದಳು. ಕೈ ಕೆಲಸ ಮಾಡುತ್ತಿದ್ದಂತೆ ಮಿಕ್ಕಿದ್ದನ್ನು ಭಾವನಿಗೆ ಹೇಳಿದಳು. "ಕೈ ನೋಡಿದ್ರಲ್ಲ? ಮೆಕ್ಯಾನಿಕ್ಕು ಬೋರಲು ಹಾಕಿದ, ಸಂಗ್ರಹಕಾರ ಹೆಬ್ಬೆರಳು ಮುಚ್ಚಿದ. ಚಿಪ್ಪಿನ ಜೊತೆ ಬದುಕಿದೋರಿಗೆ ಅದು ಯೋಚನೆ ಮಾಡದೇನೇ ಬರುತ್ತೆ. ಅವರಿಬ್ರಲ್ಲಿ ಯಾರು ಕದ್ದಿದ್ರೂ ಚೀಟಿ ಕಿತ್ತು ಬರೀ ಮೈಯಲ್ಲಿ ಬಿಡ್ತಿರಲಿಲ್ಲ. ಇವರೊಬ್ರೇ ಬಿಸಿಲಿಗೆ ಹಿಡಿದ್ರು. ಹಳೇ ಕಾಗದಾನ ಹರಿಯದ ಹಾಗೆ ಎಬ್ಬಿಸೋದೂ, ಮನೇಲಿ ಕಲಸಿದ ಅಂಟಿಂದ ಅಂಟಿಸೋದೂ ಚೌಕಟ್ಟಿನೋರ ಕೈಗುಣ. ಆದ್ರೆ ಚಿಪ್ಪು ಎಲ್ಲಿದೆ ಅಂತ ನಂಗೆ ಗೊತ್ತಿರಲಿಲ್ಲ. ಕಳ್ಳ ನೀನೇ ಅಂದಿದ್ರೆ ಅಲ್ಲ ಅಲ್ಲ ಅಂತ ಸಂಜೆ ಮಾಡ್ತಿದ್ರು. ಅದಕ್ಕೇ ಬೆಳಕಿನ ವಿಷಯ ಹೇಳಿದೆ. ದನಿಯ ಮೇಲೆ ಪ್ರೀತಿ ಇದ್ದೋರು ಕೂತಿರಲ್ಲ."

ಮೊದಲ ಸಲ ಓದಿ ಹೊಸ ಚಿಪ್ಪಿಗೆ ತುಂಬಿ ಪೆಟ್ಟಿಗೆಗೆ ಹಾಕಿದಾಗ ಬಂದದ್ದು ಬರೀ ಕರಕರ. ಯಜಮಾನಿ ಕಣ್ಣು ಮುಚ್ಚಿದರು.

"ಇರಿ," ಎಂದಳು ರಿಪೇರಿಯಕ್ಕ. "ಅರ್ಧ ಅಳಿಸಿದ ಚಿಪ್ಪಿಗೆ ಪೂರ್ತಿ ಕರೆಂಟು ಕೊಟ್ಟು ಓದಬಾರದು. ಕಮ್ಮಿ ಕೊಟ್ರೆ ಮಸುಕಾಗಿದ್ದೂ ಕಾಣುತ್ತೆ. ಭಾವ, ಈ ಗುಂಡಿ ತಿರುಗಿಸಿ ಕರೆಂಟನ್ನ ನಿಧಾನವಾಗಿ ಇಳಿಸ್ತಾ ಬನ್ನಿ. ಇಳಿಜಾರಲ್ಲಿ ಬ್ರೇಕ್ ಒತ್ತೋ ಹಾಗೆ. ಜಾಸ್ತಿ ಇಳಿಸಿದ್ರೆ ಏನೂ ಸಿಗಲ್ಲ."

ತುಂಬಿದ ಬಸ್ಸನ್ನು ಘಟ್ಟದಲ್ಲಿ ಇಳಿಸುವಾಗಲೂ ಭಾವ ಇಷ್ಟು ಎಚ್ಚರ ವಹಿಸಿರಲಿಲ್ಲ. ಕೂದಲೆಳೆಯಷ್ಟು ಇಳಿಸಿದರು, ಅವಳು ಓದಿದಳು, ತುಂಬಿದಳು, ಹಾಕಿದಳು. ಕರಕರ. ಇನ್ನೊಂದಿಷ್ಟು. ಕರಕರದ ನಡುವೆ ಯಾರೋ ದೂರದಲ್ಲಿ ಗೊಣಗಿದ ಹಾಗೆ. ಮೆಕ್ಯಾನಿಕ್ ತನಗೆ ಅರಿವಿಲ್ಲದೆ ಟ್ರಂಕಿನಿಂದ ಎದ್ದು ಬಂದು ಚಿಪ್ಪುಗಳನ್ನು ಒಂದೊಂದಾಗಿ ಅವಳ ಕೈಗೆ ಕೊಡುತ್ತಿದ್ದ. ಮತ್ತೂ ಒಂದಿಷ್ಟು ಇಳಿಸಿದಾಗ ಯಜಮಾನಿಯೇ ಬಂದು ನಾಣ್ಯ ಹಾಕಿದರು.

ಮೊದಲ ಮಾತಿನ ಜಾಗದಲ್ಲಿ ಕರಕರ ಎಂದಿತು. ಆಮೇಲೆ ಸ್ಪಷ್ಟವಾಗಿ, ತುಸು ನಗುತ್ತ, "ಕೂತ್ಕೋ" ಎಂದಿತು.

ಯಾರೂ ಆಡಲಿಲ್ಲ. ಪರದೆಯ ಮೇಲೆ ದೋಣಿಗಳೆಲ್ಲ ಒಂದೊಂದಾಗಿ ಮುಳುಗುತ್ತಿದ್ದವು. ಯಜಮಾನಿ ಮೆಕ್ಯಾನಿಕ್ಕಿನ ಕಡೆ ತಿರುಗಿದರು.

"ತಪ್ಪು ನಂದು," ಎಂದರು. "ಕಾಪಿ ಮಾಡ್ತೀನಿ ಅಂದಾಗ ಬಿಡಲಿಲ್ಲ. ಆಮೇಲೆ ನಿನ್ನನ್ನೇ ಕಳ್ಳ ಅಂದೆ. ಯಾವ ಬಾಯಲ್ಲಿ ಇರು ಅನ್ಲಿ."

ಅವನಿಗೆ ನೋವಾಗಿತ್ತು, ಅದು ಮುಖದಲ್ಲೇ ಇತ್ತು. ಅಷ್ಟರಲ್ಲಿ ಕೊನೆಯ ದೋಣಿಯೂ ಮುಳುಗಿತು. ಪೆಟ್ಟಿಗೆ ಒಂದಕ್ಷರವೂ ಕೆಡದೆ, "ಹೋಗ್ಲಿ ಬಿಡು. ಇನ್ನೊಂದ್ಸಲ ನೋಡೋಣ" ಎಂದಿತು.

ಮೆಕ್ಯಾನಿಕ್ ತೋಳಿನಿಂದ ಕಣ್ಣೊರೆಸಿಕೊಂಡು ಟ್ರಂಕನ್ನು ಎತ್ತಿದ. "ಯಜಮಾನ್ರೇ ಹೇಳಿದ್ಮೇಲೆ ಇನ್ನೇನಿದೆ," ಎಂದು ಹಿಂದಿನ ಕೋಣೆಗೆ ಹೋಗಿ ಇಟ್ಟು ಬಂದ. ಬಂದವನೇ ಮೂರು ಖಾಲಿ ಚಿಪ್ಪು ತೆಗೆದು ಕಾಪಿ ಮಾಡಲು ಕುಳಿತ. ಸಂಗ್ರಹಕಾರ ಗಂಟಲು ಸರಿಮಾಡಿಕೊಂಡು, ಒಂದು ಕಾಪಿ ತನಗೂ ಕೊಟ್ಟರೆ ಪರದೆಯ ಟ್ಯೂಬನ್ನು ತಾನೇ ಇಲ್ಲಿಗೆ ತಂದು ಹಾಕಿಸುತ್ತೇನೆ, ಪೆಟ್ಟಿಗೆ ಇಲ್ಲೇ ಇರಲಿ ಎಂದ.

"ಮೊದಲನೇ ಮಾತು ಬರಲ್ವಾ?" ಎಂದು ಯಜಮಾನಿ ಕೇಳಿದರು.

"ಅದು ಹೋಯ್ತು. ಎಷ್ಟು ಇಳಿಸಿದ್ರೂ ಬರಲ್ಲ," ಎಂದಳು ರಿಪೇರಿಯಕ್ಕ. ಅವಳು ಹೀಗೆ ತಗ್ಗಿದ ದನಿಯಲ್ಲಿ ಮಾತಾಡುವುದು ಅಪರೂಪ.

ಮೈದುನ ಯಾವಾಗಲೋ ಹೊರಗೆ ಹೋಗಿಬಿಟ್ಟಿದ್ದ. ಬೀಳಿಸಿದ್ದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಸ್ತಿಲಾಚೆ ನಿಂತಿದ್ದ, ಒಳಗೆ ಬರಲೂ ಆಗದೆ, ಹೋಗಲೂ ಆಗದೆ. ಯಜಮಾನಿ ಅವನನ್ನು ನೋಡಿದರು. ಆಕೆ ಇನ್ನೊಂದು ನಾಣ್ಯ ತೆಗೆದು ಪೆಟ್ಟಿಗೆಗೆ ಹಾಕಿದರು. ಕರಕರ ಶುರುವಾಗುತ್ತಿದ್ದಂತೆ ಬಾಗಿಲ ಕಡೆ ತಿರುಗಿ, ತಮ್ಮದೇ ದನಿಯಲ್ಲಿ ಕೇಳಿದರು:

"ಬಂದ್ಯಾ?"

"ಕೂತ್ಕೋ," ಎಂದಿತು ಪೆಟ್ಟಿಗೆ.

ಮೈದುನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕುಳಿತ.